ಬಿಸಿ ಲೋಟ ಹಿಡಿದ ಕೈ

ನಾಟಕ ವಿಮರ್ಶೆಗೆ ಕೈಹಾಕುವ ಹೊಸಬರಿಗಾಗಿ ನಾಲ್ಕು ಪುಟ ಬರೆದುಕೊಡಿ ಎಂದು ಊರಿನ ಕಾಲೇಜೊಂದರ ಪತ್ರಿಕೋದ್ಯಮ ವಿಭಾಗದವರು ಕೇಳಿದಾಗ ಅರ್ಧ ಮನಸ್ಸಿನಿಂದ ಒಪ್ಪಿಕೊಂಡೆ. ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸುದ್ದಿ ತಿದ್ದಿದ್ದೇನೆ. ಅದರ ಜೊತೆಗೆ, ಬೇರೆ ಯಾರೂ ಹೋಗಲು ಒಪ್ಪದ ಕಾರಣ, ನಾಟಕ ನೋಡಿ ಬರೆದಿದ್ದೇನೆ. ಬರೆದದ್ದು ನೆನಪಿದೆ. ನೋಡಿದ್ದು ಎಷ್ಟು ನೆನಪಿದೆ ಎಂದು ಕೇಳಿದರೆ ತಡವರಿಸುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ಶಿವಮೊಗ್ಗದಲ್ಲಿ ಒಂದು ನಾಟಕದ ನಡುವೆ ರಂಗದ ಮೇಲೆ ಪೂರ್ತಿ ಕತ್ತಲಾಯಿತು. ನಟರು ಮಾತು ನಿಲ್ಲಿಸದೆ ಕತ್ತಲಲ್ಲೇ ದೃಶ್ಯ ಮುಗಿಸಿದರು. ನಾನು ಅದನ್ನು ಬೆಳಕಿನ ವಿನ್ಯಾಸದ ಧೈರ್ಯ ಎಂದು ಹೊಗಳಿ ಬರೆದೆ. ಮಾರನೇ ದಿನ ಬೆಳಕಿನ ಹೊಣೆ ಹೊತ್ತಿದ್ದವನು ಫೋನ್ ಮಾಡಿ, "ಥ್ಯಾಂಕ್ಸ್ ಸಾರ್, ಕರೆಂಟ್ ಹೋಗಿತ್ತು" ಎಂದ. ಈ ಕಥೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿ ನಗಿಸಿದ್ದೇನೆ. ಹೋದ ವರ್ಷ ಬೇರೊಂದು ಪತ್ರಿಕೆಯಲ್ಲಿದ್ದ ಹಳೆಯ ಗೆಳೆಯ ಸಿಕ್ಕಿ, "ಅಲ್ಲ ಮಾರಾಯ, ಅದು ನಿಂಗಲ್ಲ ಆಗಿದ್ದು, ನಂಗೆ. ನಾನೇ ನಿಂಗೆ ಹೇಳಿದ್ದು" ಎಂದ. ಮನೆಗೆ ಬಂದು ಹಳೆಯ ಪತ್ರಿಕೆಯ ಕತ್ತರಿಕೆಗಳನ್ನೆಲ್ಲ ಹುಡುಕಿದೆ. ನಾನು ಬರೆದೆನೆಂದುಕೊಂಡ ಆ ವಿಮರ್ಶೆ ಎಲ್ಲೂ ಸಿಗಲಿಲ್ಲ. ಆದರೂ ಆ ಕತ್ತಲು ನನ್ನ ಕಣ್ಣಮುಂದೆ ಈಗಲೂ ಇದೆ. ಮುಂದಿನದನ್ನು ಓದುವಾಗ ಇದನ್ನು ಮರೆಯಬೇಡಿ.

ನಾನು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ ಬಂದವನು. ಮೊದಲ ವಿಮರ್ಶೆಯಲ್ಲಿ ಪರಕೀಯತೆ ಅದು ಇದು ಎಂದು ಓದಿದ್ದನ್ನೆಲ್ಲ ತುಂಬಿದ್ದೆ. ನಮ್ಮ ಸಂಪಾದಕರು ಶ್ರೀಪತಿ ರಾಯರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನಪ್ಪಾ, ಆ ನಾಟಕದಲ್ಲಿ ಮನುಷ್ಯರೂ ಇದ್ರಾ, ಇಲ್ಲಾ ಬರೀ ಪರಕೀಯತೇನೇ ಓಡಾಡ್ತಿತ್ತಾ?"

"ಇದ್ರು ಸಾರ್."

"ಅವರ ಕೈ ಏನು ಮಾಡ್ತಿತ್ತು?"

ನಾನು ನೋಡಿರಲಿಲ್ಲ. "ಮುಂದಿನ ಸಲ ನೋಡು" ಎಂದು ಹಾಳೆ ಹಿಂದಕ್ಕೆ ಕೊಟ್ಟರು. ಅಷ್ಟೇ ಅವರು ಕೊಟ್ಟ ತರಬೇತಿ. ಅಂದಿನಿಂದ ನಾನು ಕೈ ನೋಡಲು ಶುರುಮಾಡಿದೆ. ಮಾತು ಮರೆತ ನಟನ ಮುಖ ಸುಮ್ಮನಿರುತ್ತದೆ, ಕೈ ಮಾತ್ರ ಪಂಚೆಯ ಅಂಚು ಹುಡುಕುತ್ತದೆ. ಹೊಸ ನಟಿ ಅಳುವ ದೃಶ್ಯಕ್ಕೆ ಎರಡು ನಿಮಿಷ ಮೊದಲೇ ಸೆರಗು ಹಿಡಿದಿರುತ್ತಾಳೆ. ಇವನ್ನೆಲ್ಲ ಬರೆದುಕೊಳ್ಳುವ ಚಟ ಹತ್ತಿತು.

ಕತ್ತಲಲ್ಲಿ ಬರೆಯಲು ಒಂದು ಉಪಾಯ ಕಂಡುಕೊಂಡೆ. ಎಡಗೈ ಹೆಬ್ಬೆರಳನ್ನು ಸಾಲಿನ ಕೆಳಗೆ ಒತ್ತಿಟ್ಟುಕೊಂಡು, ಸಾಲು ಮುಗಿದ ಹಾಗೆ ಬೆರಳನ್ನು ಕೆಳಕ್ಕೆ ಸರಿಸುವುದು. ಒಂದರ ಮೇಲೊಂದು ಸಾಲು ಬೀಳುವುದಿಲ್ಲ. ನಟರ ಹೆಸರು ಬರೆಯಲು ವ್ಯವಧಾನ ಇರುತ್ತಿರಲಿಲ್ಲವಾದ್ದರಿಂದ ಪಾತ್ರದ ಹೆಸರನ್ನಷ್ಟೇ ಗುರುತು ಹಾಕಿಕೊಳ್ಳುತ್ತಿದ್ದೆ: ತಂದೆ, ನರ್ಸ್, ಪೊಲೀಸ್. ಆಮೇಲೆ ಕುಳಿತು ಬರೆಯುವಾಗ ತಂಡದವರು ಹಂಚಿದ ಕರಪತ್ರ ನೋಡಿ ನಟರ ಹೆಸರು ತುಂಬುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಅದರಲ್ಲಿ ತಪ್ಪಾಗಬಹುದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಗ, ಅಂದರೆ ನಲವತ್ತು ವರ್ಷದ ಹಿಂದೆ, ಭದ್ರಾವತಿಯ ನ್ಯೂ ಟೌನಿನಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರರು ಕಟ್ಟಿಕೊಂಡ ಒಂದು ಹವ್ಯಾಸಿ ನಾಟಕ ತಂಡವಿತ್ತು. ಒಂದು ಭಾನುವಾರ ಸಂಜೆ ಅವರ ಹೊಸ ನಾಟಕ ನೋಡಲು ಹೋದೆ. ಆಸ್ಪತ್ರೆಯ ವರಾಂಡದಲ್ಲಿ ಮಗನಿಗಾಗಿ ಕಾಯುವ ಒಬ್ಬ ತಂದೆಯ ಕಥೆ. ತಂದೆಗೆ ಇರುವುದು ಮೂರೇ ಮಾತು. ಕೊನೆಯ ದೃಶ್ಯದಲ್ಲಿ ಒಬ್ಬ ನರ್ಸ್ ಅವನ ಕೈಗೆ ಚಹಾ ಕೊಡುತ್ತಾಳೆ. ಆವಿ ಕಾಣಿಸಬೇಕೆಂದು ನಿರ್ದೇಶಕರು ನಿಜವಾಗಿಯೂ ಕುದಿಯುವ ಚಹಾ ಹಾಕಿಸಿದ್ದರು. ಅವನು ಲೋಟ ಹಿಡಿದು ನಿಂತಿರುವಾಗಲೇ ಡಾಕ್ಟರು ಬಂದು ಮಗ ಉಳಿಯಲಿಲ್ಲ ಎಂದು ಹೇಳುತ್ತಾರೆ.

ನಾಟಕ ಮುಗಿದ ಮೇಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ವಿಮರ್ಶೆ ಬರೆದೆ. ಅದರ ಎರಡು ವಾಕ್ಯ ಇವು: "ತಂದೆಯ ಪಾತ್ರದ ಚಂದ್ರಶೇಖರಯ್ಯ ಆವಿಯೇಳುತ್ತಿದ್ದ ಸ್ಟೀಲ್ ಲೋಟವನ್ನು ಬರಿಗೈಯಲ್ಲಿ ಹಿಡಿದು, ಡಾಕ್ಟರ ಮಾತು ಮುಗಿಯುವವರೆಗೂ ಕೆಳಗಿಡಲಿಲ್ಲ. ಆ ಕೈಗೆ ಬಿಸಿ ತಟ್ಟುತ್ತಿಲ್ಲ ಎಂಬುದರಿಂದಲೇ ಆ ಮನುಷ್ಯನಿಗೆ ಏನಾಯಿತೆಂದು ನಮಗೆ ತಿಳಿಯಿತು."

ಶ್ರೀಪತಿ ರಾಯರು ಮೊದಲ ಬಾರಿಗೆ ಒಂದು ಪದವನ್ನೂ ತಿದ್ದಲಿಲ್ಲ. ಆ ವಿಮರ್ಶೆ ನನಗೆ ಹೆಸರು ತಂದಿತು. ಭದ್ರಾವತಿಯಲ್ಲಿ ಚಂದ್ರಶೇಖರಯ್ಯನವರು ಲೋಟದ ಚಂದ್ರಣ್ಣ ಆದರು. ವಾರದೊಳಗೆ ಅವರೇ ನಮ್ಮ ಕಚೇರಿಗೆ ಬಂದರು. ರಾಯರು ಎದ್ದು ನಿಂತು ಅವರ ಕೈ ಕುಲುಕಿ ಕಾಫಿ ತರಿಸಿದರು. ಅವರು ಹೆಚ್ಚು ಮಾತಾಡಲಿಲ್ಲ. ದೊಡ್ಡ ನಟರ ವಿನಯ ಎಂದುಕೊಂಡೆ. ಮುಂದೆ ಎಷ್ಟೋ ಕಮ್ಮಟಗಳಲ್ಲಿ ಆ ಕೈಯ ಬಗ್ಗೆ ಪಾಠವನ್ನೇ ಮಾಡಿದ್ದೇನೆ.

ಇನ್ನು ಈಗಿನ ಮಾತು. ಕೆಲವು ತಿಂಗಳ ಹಿಂದೆ ರೇವತಿ ಎಂಬ ಯುವ ನಿರ್ದೇಶಕಿ ಫೋನ್ ಮಾಡಿದರು. ವಿದ್ಯಾನಗರದ ಒಂದು ಟ್ಯೂಷನ್ ಕೇಂದ್ರದ ಮಹಡಿಯಲ್ಲಿ ತಾಲೀಮು ನಡೆಯುತ್ತಿದೆ, ಬರಬೇಕು ಎಂದರು. ಹೋದೆ. ಮಕ್ಕಳ ಡೆಸ್ಕುಗಳನ್ನು ಗೋಡೆಗೆ ಸರಿಸಿ ನಡುವೆ ಜಾಗ ಮಾಡಿಕೊಂಡಿದ್ದರು. ಬರೆದಿಟ್ಟ ನಾಟಕ ಎಂಬುದೇ ಇರಲಿಲ್ಲ. ಐದು ಜನ ನಟರು. ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರೊಬ್ಬರು ಕೆಲಸದಲ್ಲಿ ಕೈಯನ್ನು ಹೇಗೆ ಬಳಸುತ್ತಿದ್ದರೋ ಅದನ್ನು ಮಾಡಿ ತೋರಿಸಬೇಕು. ಒಬ್ಬ ಹುಡುಗಿ ಗಾಳಿಯಲ್ಲೇ ಅಡಿಕೆ ಸುಲಿದಳು. ಒಬ್ಬ ಬಸ್ಸಿನ ಟಿಕೆಟ್ ಹರಿದ. ಅದನ್ನು ಇನ್ನೊಬ್ಬರು ನೋಡಿ ಮಾಡಬೇಕು, ಅವರನ್ನು ನೋಡಿ ಮತ್ತೊಬ್ಬರು. ನಾಲ್ಕನೆಯವರ ಹೊತ್ತಿಗೆ ಅಡಿಕೆ ಸುಲಿಯುವುದು ಏನೋ ಪ್ರಾರ್ಥನೆಯ ಹಾಗೆ ಆಗಿತ್ತು. ಸೋಗಾನೆಯ ವಿಮಾನ ನಿಲ್ದಾಣದಿಂದ ಎದ್ದ ವಿಮಾನವೊಂದು ಕಿಟಕಿ ನಡುಗಿಸುತ್ತ ಹೋಯಿತು. ಯಾರೂ ನಿಲ್ಲಲಿಲ್ಲ. ಒಬ್ಬಾಕೆ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದಳು.

ಇದು ನಾಟಕವೇ ಎಂದು ನನ್ನ ಒಳಗಿನ ಎಂ.ಎ. ಕೇಳಿತು. ಆದರೆ ಎರಡು ಗಂಟೆ ಕಳೆದದ್ದು ಗೊತ್ತಾಗಲಿಲ್ಲ. ನಾವು ಮುಗಿದ ನಾಟಕ ನೋಡಿ ತೀರ್ಪು ಬರೆಯುತ್ತಿದ್ದೆವು. ಅದು ಆಗುವುದು ಹೇಗೆ ಎಂದು ಒಂದು ದಿನವೂ ಹೋಗಿ ನೋಡಿದವನಲ್ಲ ನಾನು. ಹೊಸಬರು ಈ ತಪ್ಪು ಮಾಡಬೇಡಿ. ತಾಲೀಮಿಗೆ ಹೋಗಿ.

ಚಹಾದ ಹೊತ್ತಿಗೆ ರೇವತಿ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ನನ್ನ ಆ ವಿಮರ್ಶೆಯ ಕತ್ತರಿಕೆ. ಕೈಯ ಬಗ್ಗೆ ಇದ್ದ ಎರಡು ವಾಕ್ಯಗಳ ಕೆಳಗೆ ಪೆನ್ಸಿಲ್ ಗೆರೆ.

"ಇದು ನಮ್ಮ ತಾತನ ಟ್ರಂಕಲ್ಲಿತ್ತು ಸಾರ್. ತಾತನ ಹೆಸರು ಪೆರುಮಾಳ್. ಕಾರ್ಖಾನೇಲಿ ಫೌಂಡ್ರೀಲಿದ್ರು, ಕಬ್ಬಿಣ ಎರಕ ಹೊಯ್ಯೋ ಕೆಲಸ."

"ನಾಟಕದಲ್ಲಿದ್ರಾ?"

"ಅದೇ ಸಾರ್ ನನ್ನ ಪ್ರಶ್ನೆ. ಆ ತಂಡದಲ್ಲಿ ಪ್ರತಿ ಪಾತ್ರಕ್ಕೂ ಇಬ್ಬಿಬ್ರು ಕಲೀತಿದ್ರಂತೆ. ಒಬ್ರಿಗೆ ಶಿಫ್ಟ್ ಬಿದ್ರೆ ಇನ್ನೊಬ್ರು ವೇಷ ಹಾಕೋದು. ಕರಪತ್ರ ತಿಂಗಳ ಮೊದ್ಲೇ ಪ್ರಿಂಟ್ ಆಗಿರ್ತಿತ್ತು, ಅದ್ರಲ್ಲಿ ಒಬ್ರದ್ದೇ ಹೆಸರು. ನ್ಯೂ ಟೌನಲ್ಲಿ ಎಲ್ರಿಗೂ ಗೊತ್ತಿದ್ದ ವಿಷಯ, ಅದಕ್ಕೆ ಯಾರೂ ಮೈಕಲ್ಲಿ ಹೇಳ್ತಾನೂ ಇರ್ಲಿಲ್ಲ."

ನನಗೆ ಗೊತ್ತಿರಲಿಲ್ಲ. ನಾನು ಶಿವಮೊಗ್ಗದಿಂದ ಹೋದವನು.

ರೇವತಿ ಮುಂದುವರಿಸಿದರು. "ಆವತ್ತು ಮಾಡಿದ್ದು ನಾನು ಅಂತ ತಾತ ಸಾಯೋವರೆಗೂ ಹೇಳ್ತಿದ್ರು. ಈ ಕಟಿಂಗ್ ತೋರ್ಸೋರು. ಅದ್ರಲ್ಲಿ ನೋಡಿದ್ರೆ ಬೇರೆಯೋರ ಹೆಸರು. ಮನೇಲಿ ಎಲ್ರೂ ನಗೋರು. ನಮ್ಮಪ್ಪ ಅಂತೂ, 'ಸುಮ್ನೆ ಯಾಕಪ್ಪಾ ಊರೋರ ಮುಂದೆ ಸುಳ್ಳು ಹೇಳ್ತೀಯ' ಅಂತ ಬೈದುಬಿಟ್ಟಿದ್ರು. ಆಮೇಲೆ ತಾತ ಅದನ್ನ ಹೊರಗೆ ತೆಗೀಲೇ ಇಲ್ಲ. ನೀವು ಮುಂದಿನ ಸಾಲಲ್ಲಿ ಕೂತಿದ್ರಂತಲ್ಲ ಸಾರ್. ಅದು ನಮ್ಮ ತಾತನಾ?"

ನಾನು ಕಣ್ಣು ಮುಚ್ಚಿದೆ. ಬಿಳಿ ಗಡ್ಡ, ತಲೆಗೆ ಸುತ್ತಿದ ಟವೆಲ್, ಆವಿ, ಲೋಟ. ಮುಖವಿದ್ದ ಜಾಗದಲ್ಲಿ ಚಂದ್ರಶೇಖರಯ್ಯನವರ ಮುಖ. ಆದರೆ ಅದು ಕಚೇರಿಗೆ ಬಂದಿದ್ದ ಚಂದ್ರಶೇಖರಯ್ಯನವರ ಮುಖ, ಗಡ್ಡವಿಲ್ಲದ್ದು.

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ್ಲೇ ಹೇಳಿ ಸಾರ್" ಎಂದರು ರೇವತಿ. "ನನ್ನ ಖುಷಿಗೆ ಹೌದು ಅನ್ಬೇಡಿ. ತಾತ ಸುಳ್ಳು ಹೇಳಿದ್ರೂ ನಾನು ನಾಟಕ ಮಾಡ್ತೀನಿ. ಅದು ಬೇರೆ ಥರದ್ದಾಗುತ್ತೆ ಅಷ್ಟೆ."

"ಗೊತ್ತಿಲ್ಲಮ್ಮ" ಎಂದೆ. "ಹುಡುಕ್ತೀನಿ."

ಮನೆಗೆ ಬಂದು ಹಳೆಯ ಟಿಪ್ಪಣಿ ಪುಸ್ತಕಗಳ ಪೆಟ್ಟಿಗೆ ಬಿಚ್ಚಿದೆ. ಆ ದಿನದ ಪುಟ ಸಿಕ್ಕಿತು. ಓರೆಕೋರೆ ಅಕ್ಷರದಲ್ಲಿ ಹೀಗಿತ್ತು: "ತಂದೆ. ಲೋಟ ಬಿಸಿ. ಬಟ್ಟೆ ಇಲ್ಲ. ಅವಸರ ಇಲ್ಲ. ಬೆರಳು ಸಡಿಲ. ಮಾತು ಪಕ್ಕದ ಮನೆಯಿಂದ ತಂದಂತೆ." ನಟನ ಹೆಸರಿಲ್ಲ.

ಬೆರಳು ಸಡಿಲ. ಬಿಸಿಯನ್ನು ಸಹಿಸಿಕೊಳ್ಳುವವನು ಬೆರಳು ಬಿಗಿ ಹಿಡಿಯುತ್ತಾನೆ. ಕಾದ ಕಬ್ಬಿಣದ ಜೊತೆ ಬಾಳಿದ ಕೈಗೆ ಚಹಾದ ಲೋಟ ಯಾವ ಲೆಕ್ಕ? ಇನ್ನು ಆ ಮಾತು. ಪೆರುಮಾಳ್ ಎಂಬ ಹೆಸರಿನ, ಮನೆಯಲ್ಲಿ ತಮಿಳಾಡುವ ಮನುಷ್ಯ ಬಾಯಿಪಾಠ ಮಾಡಿದ ಮೂರು ಕನ್ನಡ ವಾಕ್ಯಗಳನ್ನು ಹಾಗೆಯೇ ಹೇಳಿರಬಹುದು. ಅಲ್ಲಿಗೆ ಪ್ರಶ್ನೆ ಬಗೆಹರಿಯಿತು ಎನ್ನಿಸಿತು. ಹತ್ತು ನಿಮಿಷದ ನಂತರ ಅದೂ ಅನುಮಾನವಾಯಿತು. ಒಳ್ಳೆಯ ನಟನಾದರೆ ಫೌಂಡ್ರಿಯವರ ಕೈ ನೋಡಿ ಕಲಿಯಬಹುದಲ್ಲ? ಕಲಿಯುವುದಕ್ಕೇ ತಾನೇ ನಟನೆ ಎನ್ನುವುದು? ನಾನು ನಲವತ್ತು ವರ್ಷ ಹೊಗಳಿದ್ದು ಅಭಿನಯವನ್ನೋ, ಅಭ್ಯಾಸವನ್ನೋ?

ಉಳಿದದ್ದು ಒಂದೇ ದಾರಿ. ಭದ್ರಾವತಿಗೆ ಹೋದೆ.

ಚಂದ್ರಶೇಖರಯ್ಯನವರು ನ್ಯೂ ಟೌನಿನಲ್ಲೇ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೆಲಸಗಾರರ ಹಾಜರಿ ಬರೆಯುತ್ತಿದ್ದವರು. ಗೇಟಿನಲ್ಲೇ ನನ್ನ ಗುರುತು ಹಿಡಿದು, "ಬನ್ನಿ ಬನ್ನಿ, ನನ್ನನ್ನ ಲೋಟದ ಚಂದ್ರಣ್ಣ ಮಾಡಿದೋರು!" ಎಂದು ಕೂಗಿದರು. ಗೋಡೆಯ ಮೇಲೆ ನನ್ನ ವಿಮರ್ಶೆ ಕಟ್ಟು ಹಾಕಿಸಿಕೊಂಡು ಕುಳಿತಿತ್ತು. ಅದರ ಕೆಳಗೆ ಕುಳಿತು ಅವರನ್ನು ಕೇಳುವುದು ಹೇಗೆ? ಹತ್ತು ನಿಮಿಷ ಬಿಪಿ, ಮಂಡಿನೋವು ಮಾತಾಡಿದೆ. ಆಮೇಲೆ ನೇರವಾಗಿ ಕೇಳಿಬಿಟ್ಟೆ.

"ಆ ಭಾನುವಾರ ವೇಷ ಹಾಕಿದ್ದು ನೀವೇನಾ?"

"ನಾನೇ ಮತ್ತೆ. ಇನ್ಯಾರು?" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಸುಳ್ಳೂ ಕೇಳಿಸಲಿಲ್ಲ.

ಅವರ ಹೆಂಡತಿ ಸರೋಜಮ್ಮ ಕಾಫಿ ತಂದರು. ಚಂದ್ರಶೇಖರಯ್ಯನವರು ಹೆಗಲ ಮೇಲಿನ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಲೋಟ ತೆಗೆದುಕೊಂಡರು. ಸರೋಜಮ್ಮ ನನ್ನ ಕಡೆ ತಿರುಗಿ ನಕ್ಕರು.

"ನೋಡಿ ಸಾರ್, ನಿಮ್ಮ ಲೋಟದ ಚಂದ್ರಣ್ಣನ್ನ! ಮದ್ವೆಯಾದಾಗಿಂದ ನೋಡ್ತಿದೀನಿ, ಒಂದಿನ ಟವೆಲ್ ಇಲ್ದೆ ಲೋಟ ಮುಟ್ಟಿಲ್ಲ. ನೀವು ಅದೇನು ನೋಡಿ ಬರೆದ್ರೋ!"

ಮೂವರೂ ನಕ್ಕೆವು. ಮೊದಲು ನಗು ನಿಲ್ಲಿಸಿದವರು ಚಂದ್ರಶೇಖರಯ್ಯನವರು. ಟವೆಲ್ ಸುತ್ತಿದ ಬೆರಳನ್ನೇ ನೋಡುತ್ತಿದ್ದರು. ಸರೋಜಮ್ಮ ಒಳಗೆ ಹೋದರು.

"ಎಷ್ಟು ಸಲ ಹೇಳಿದೀನಿ ಅಂದ್ರೆ ಸಾರ್," ಎಂದರು, "ನಾನೇ ಮಾಡಿದ್ದು ಅಂತ ನಂಗೇ ಅನ್ಸಿಬಿಟ್ಟಿದೆ. ನೀವು ಕೇಳಿದಾಗ ನಾನೇ ಅಂದ್ನಲ್ಲ, ಅದು ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ."

"ಹಾಗಾದ್ರೆ?"

"ಆವತ್ತು ನಂಗೆ ಡ್ಯೂಟಿ ಬಿತ್ತು. ಪೆರುಮಾಳ್ ಮಾಡ್ದ. ಪೇಪರಲ್ಲಿ ನನ್ನ ಹೆಸರು ಬಂತು. ಬುಧವಾರವೋ ಗುರುವಾರವೋ, ನಿಮ್ಮ ಆಫೀಸಿಗೆ ಬಂದಿದ್ದೆನಲ್ಲ, ಅದು ನಾನಲ್ಲ ಅಂತ ಹೇಳೋಕೇ ಬಂದಿದ್ದು. ನಿಮ್ಮ ಸಂಪಾದಕರು ಎದ್ದು ನಿಂತುಬಿಟ್ರು. ಟೈಮ್ ಆಫೀಸಿನ ಗುಮಾಸ್ತನಿಗೆ ಯಾರು ಸಾರ್ ಎದ್ದು ನಿಲ್ತಾರೆ? ಕಾಫಿ ಬಂತು. ಮಾತು ಬರ್ಲಿಲ್ಲ."

ಅವರ ಮೌನವನ್ನು ನಾನು ವಿನಯ ಎಂದು ಓದಿದ್ದೆ. ಕೈ ನೋಡುವುದನ್ನು ಕಲಿತವನು ಅಂದು ಅವರ ಕೈ ಏನು ಮಾಡುತ್ತಿತ್ತೆಂದು ನೋಡಲಿಲ್ಲ.

"ಮುಂದಿನ ಶೋಗೆ ಜನ ಲೋಟ ನೋಡೋಕೇ ಬಂದ್ರು" ಎಂದರು. "ನೀವು ಬರೆದಿದ್ದನ್ನ ನಾಲ್ಕು ಸಲ ಓದ್ಕೊಂಡು ಹೋದೆ. ಹಾಗೇ ಹಿಡಿದೆ. ಬೊಬ್ಬೆ ಬಂತು. ಆದ್ರೂ ಬಿಡ್ಲಿಲ್ಲ. ಆಮೇಲೆ ಅಭ್ಯಾಸ ಆಯ್ತು. ಎಷ್ಟು ವರ್ಷ ಮಾಡ್ದೆ ಆ ಪಾತ್ರಾನ! ಹೆಸರು ಬಂದಿದ್ರಿಂದ ಶೋ ಇದ್ದ ದಿನ ನಂಗೆ ಡ್ಯೂಟಿ ಬದಲಾಯಿಸಿ ಕೊಡೋರು. ಪೆರುಮಾಳ್‌ಗೆ ಮತ್ತೆ ಸರದಿ ಬರ್ಲೇ ಇಲ್ಲ."

"ಅವರು ಏನೂ ಅನ್ಲಿಲ್ವಾ?"

"ಒಂದ್ ಮಾತಿಲ್ಲ. ಪ್ರತಿ ಶೋಗೂ ಬಣ್ಣದ ಮನೆಗೆ ಬಂದು ಅವನೇ ಟೀ ಕಾಯ್ಸಿ ಕೊಡ್ತಿದ್ದ. ಬೇಕಂತ್ಲೇ ಜಾಸ್ತಿ ಕುದಿಸ್ತಿದ್ದ ಅಂತ ನಂಗೆ ಅನುಮಾನ." ಅವರು ನಗಲು ಹೋದರು, ಆಗಲಿಲ್ಲ. "ನಾನು ಹಿಡಿದಿರೋವರೆಗೂ ಸೈಡ್ ವಿಂಗಲ್ಲಿ ನಿಂತು ನನ್ನ ಕೈಯನ್ನೇ ನೋಡ್ತಿದ್ದ."

ನಾನು ರೇವತಿಯ ವಿಷಯ ಹೇಳಿದೆ. ಪೆರುಮಾಳ್ ಅವರನ್ನು ಮನೆಯವರೇ ಸುಳ್ಳುಗಾರ ಎಂದುಕೊಂಡದ್ದನ್ನೂ ಹೇಳಿದೆ. ಚಂದ್ರಶೇಖರಯ್ಯನವರು ಗೋಡೆಯ ಕಡೆ ನೋಡಲಿಲ್ಲ.

"ಬರೀರಿ ಸಾರ್. ಆವತ್ತು ನಾನಲ್ಲ ಅಂತ ಬರೀರಿ. ಆದ್ರೆ ಆಮೇಲಿನ ಶೋಗಳಲ್ಲಿ ಕೈ ಸುಟ್ಕೊಂಡಿದ್ದು ನಾನೇ ಅಂತಾನೂ ಬರೀರಿ. ಅದು ಸುಳ್ಳಲ್ಲ."

ಬಸ್ಸಿನಲ್ಲಿ ಬರುತ್ತ ಮತ್ತೆ ಅನುಮಾನಪಟ್ಟೆ. ಎಂಬತ್ತು ದಾಟಿದವರ ನೆನಪನ್ನು ಎಷ್ಟು ನಂಬಬಹುದು? ನನ್ನದನ್ನೇ ನಾನು ನಂಬುವುದಿಲ್ಲ. ಆದರೆ ಆ ಮಾತಿನಿಂದ ಅವರಿಗೆ ಬರುವಂಥದ್ದೇನೂ ಇರಲಿಲ್ಲ, ಹೋಗುವಂಥದ್ದೇ ಎಲ್ಲ. ಅದರ ಜೊತೆಗೆ ನನ್ನ ಪುಸ್ತಕದಲ್ಲಿ ಬೆರಳು ಸಡಿಲ ಎಂದಿದೆ. ಎರಡನ್ನೂ ಸೇರಿಸಿ, ಅಂದು ಲೋಟ ಹಿಡಿದವರು ಪೆರುಮಾಳ್ ಎಂಬ ನಿರ್ಧಾರಕ್ಕೆ ಬಂದೆ. ಆ ದೃಶ್ಯದಲ್ಲಿ ನಾನು ಕಂಡದ್ದು ಅಭಿನಯವೋ ಅಭ್ಯಾಸವೋ ಎಂಬುದು ಮಾತ್ರ ಇನ್ನೂ ತಿಳಿದಿಲ್ಲ. ಪೆರುಮಾಳ್‌ಗೆ ಅಭ್ಯಾಸವಾಗಿದ್ದದ್ದು ಚಂದ್ರಶೇಖರಯ್ಯನವರಿಗೆ ಅಭಿನಯವಾಯಿತೇ? ನಡುವೆ ನನ್ನ ಎರಡು ವಾಕ್ಯಗಳಿದ್ದವು. ಈ ಕುತೂಹಲವನ್ನು ನಿಮಗೆ ಬಿಟ್ಟುಹೋಗುತ್ತೇನೆ.

ನಾನು ದುಡಿದ ಪತ್ರಿಕೆಗೆ ಈಗ ನನ್ನ ಕೈಕೆಳಗೆ ಕಲಿತ ಹೆಣ್ಣುಮಗಳೇ ಸಂಪಾದಕಿ. "ಸಾರ್, ನಲವತ್ತು ವರ್ಷದ ಹಿಂದಿನ ತಿದ್ದುಪಡಿ ಹಾಕೋ ಜಾಗ ನಮ್ಮ ಪೇಪರಲ್ಲಿಲ್ಲ" ಎಂದಳು. "ಮಾಡು" ಎಂದೆ. ಒಂದು ಚಿಕ್ಕ ಚೌಕದಲ್ಲಿ ಹಾಕಿದಳು. ಅಂದು ತಂದೆಯ ಪಾತ್ರ ಮಾಡಿದವರು ಪೆರುಮಾಳ್. ಕರಪತ್ರ ನೋಡಿ ಬೇರೆ ಹೆಸರು ಬರೆದದ್ದು ನನ್ನ ತಪ್ಪು. ನಂತರದ ಪ್ರದರ್ಶನಗಳಲ್ಲಿ ಬಿಸಿ ಲೋಟ ಹಿಡಿದವರು ಚಂದ್ರಶೇಖರಯ್ಯನವರೇ. ಈ ತಪ್ಪನ್ನು ತಿಳಿಸಿದವರೂ ಅವರೇ. ಇಷ್ಟೇ.

ರೇವತಿಯ ನಾಟಕ ಭದ್ರಾವತಿಯಲ್ಲಿ ನಡೆಯಿತು. ಕರಪತ್ರ ಇರಲಿಲ್ಲ. ನಾಟಕಕ್ಕೆ ಮುಂಚೆ ಪ್ರತಿ ನಟರೂ ನನ್ನ ಬಳಿ ಬಂದು ತಮ್ಮ ಹೆಸರು ಹೇಳಿ ಹೋದರು. ರೇವತಿಯ ತುಂಟತನವದು. ಚಂದ್ರಶೇಖರಯ್ಯ ದಂಪತಿ ಮುಂದಿನ ಸಾಲಿನಲ್ಲಿದ್ದರು. ಕೊನೆಯ ದೃಶ್ಯದಲ್ಲಿ ಒಂದು ಸ್ಟೀಲ್ ಲೋಟ ಐದೂ ನಟರ ಕೈಗಳಲ್ಲಿ ಸಾಗಿತು. ನಾಲ್ವರ ಬೆರಳು ಬಿಗಿಯಾಗಿದ್ದವು. ಐದನೆಯವಳ ಬೆರಳು ಸಡಿಲವಾಗಿದ್ದವು. ಹೇಗೆ ಮಾಡಿದಳೋ, ಕೇಳಬೇಕು.

ಜನ ಕರಗುವಾಗ ಐವತ್ತು ದಾಟಿದ ಒಬ್ಬರು ನನ್ನ ಎದುರು ಬಂದು ನಿಂತರು. ರೇವತಿಯ ತಂದೆ ಸೆಲ್ವರಾಜ್.

"ನಾನು ಆವತ್ತು ನಾಟಕ ನೋಡ್ಲಿಲ್ಲ ಸಾರ್" ಎಂದರು. "ಹುಡುಗ ನಾನು. ಅಪ್ಪ ಬಾ ಬಾ ಅಂದ್ರು, ಮ್ಯಾಚ್ ಇದೆ ಅಂತ ಹೋಗ್ಬಿಟ್ಟೆ. ಆಮೇಲೆ ಅವ್ರು ಹೇಳಿದ್ರೆ ನಂಬ್ಲೂ ಇಲ್ಲ." ಇನ್ನಷ್ಟು ಹತ್ತಿರ ಬಂದು ಕೇಳಿದರು. "ಅಪ್ಪ ಹೆಂಗೆ ಮಾಡಿದ್ರು ಸಾರ್?"

ನೆನಪಿನಿಂದ ಹೇಳಲು ಬಾಯಿ ತೆರೆದೆ. ತಡೆದುಕೊಂಡೆ. ಚೀಲದಿಂದ ಹಳೆಯ ಟಿಪ್ಪಣಿ ಪುಸ್ತಕ ತೆಗೆದು ಆ ಪುಟ ಬಿಡಿಸಿ ಓದಿದೆ.

"ತಂದೆ. ಲೋಟ ಬಿಸಿ. ಬಟ್ಟೆ ಇಲ್ಲ. ಅವಸರ ಇಲ್ಲ. ಬೆರಳು ಸಡಿಲ."

ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

"ಇನ್ನೊಂದ್ಸಲ ಓದಿ ಸಾರ್" ಎಂದರು.

ಓದಿದೆ.